ಏಲಕ್ಕಿ ಬ್ರೆಡ್ ಮತ್ತು ಅತ್ತೆಯ ಸಕ್ಕರೆ ಕಾಯಿಲೆ

ಪ್ರಶ್ನೆ: ನನ್ನ ತವರು ಹೆಗ್ಗಡದೇವನಕೋಟೆ. ಮದುವೆಯಾಗಿ ವಯನಾಡಿನ ಚೇಕಾಡಿಗೆ ಬಂದೆ. ಈಚೆಗೆ ಮೈದಾಕ್ಕೆ ಯೀಸ್ಟ್, ಬೆಲ್ಲ, ಏಲಕ್ಕಿ, ಚಕ್ಕೆ ಹಾಕಿ ಮನೆಯಲ್ಲೇ ಸಿಹಿ ಬ್ರೆಡ್ ಮಾಡಲು ಕಲಿತಿದ್ದೇನೆ. ನಮ್ಮ ಅತ್ತೆಗೆ 62 ವರ್ಷ, ಎಂಟು ವರ್ಷದಿಂದ ಸಕ್ಕರೆ ಕಾಯಿಲೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ಬೆಲ್ಲದ ಬ್ರೆಡ್ ಅವರಿಗೆ ಕೊಡಬಹುದೇ? ಚಕ್ಕೆ ಸಕ್ಕರೆ ಇಳಿಸುತ್ತದಂತೆ, ನಿಜವೇ? ಯೀಸ್ಟ್ ಹೊಟ್ಟೆಯಲ್ಲಿ ಬೆಳೆಯುತ್ತದೆ ಎಂದು ಪಕ್ಕದ ಮನೆಯವರು ಹೆದರಿಸುತ್ತಾರೆ. ಹತ್ತು ತಿಂಗಳ ಮಗುವಿಗೂ ಒಂದು ಚೂರು ಕೊಡಲೇ?

ಉತ್ತರ: ಮೊದಲು ಯೀಸ್ಟ್ ವಿಚಾರ. ಅದು ಜೀವಂತ ಶಿಲೀಂಧ್ರ. ಉಗುರುಬೆಚ್ಚಗಿನ ನೀರಿಗೆ ಹಾಕಿದ ಹತ್ತು ನಿಮಿಷದಲ್ಲಿ ನೊರೆ ಕಟ್ಟುವುದು ಅದಕ್ಕೆ ಜೀವ ಇರುವುದರಿಂದಲೇ. ಆದರೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಅದು ಸಾಯುತ್ತದೆ. ಬೆಂದ ಬ್ರೆಡ್ಡಿನ ನಡುಭಾಗ 90 ಡಿಗ್ರಿ ದಾಟಿರುತ್ತದೆ. ಆದ್ದರಿಂದ ಅದು ಹೊಟ್ಟೆಯಲ್ಲಿ ಬೆಳೆಯುವ ಮಾತೇ ಇಲ್ಲ. ಎಚ್ಚರ ಬೇಕಾದದ್ದು ಹಸಿ ಹಿಟ್ಟಿನ ಬಗ್ಗೆ. ನಾದಿಟ್ಟ ಹಿಟ್ಟನ್ನು ಮಕ್ಕಳು ಚಿವುಟಿ ತಿಂದರೆ ಅದು ಹೊಟ್ಟೆಯಲ್ಲೂ ಉಬ್ಬಿ ನೋವು ತರಬಹುದು. ಹಸಿ ಮೈದಾದಲ್ಲಿ ವಾಂತಿ-ಭೇದಿ ತರುವ ರೋಗಾಣುಗಳೂ ಇರಬಹುದು.

ಇನ್ನು ಬೆಲ್ಲ. ಅದರ ಬಹುಪಾಲು ಸಕ್ಕರೆಯಲ್ಲಿರುವ ಸುಕ್ರೋಸೇ. ರಕ್ತದ ಸಕ್ಕರೆ ಏರಿಸುವುದರಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಒಂದು ಲೆಕ್ಕ ಹಾಕೋಣ. ಅರ್ಧ ಕಿಲೋ ಮೈದಾದಲ್ಲಿ ಸುಮಾರು 375 ಗ್ರಾಂ, 100 ಗ್ರಾಂ ಬೆಲ್ಲದಲ್ಲಿ ಸುಮಾರು 90 ಗ್ರಾಂ ಶರ್ಕರಪಿಷ್ಟ ಇರುತ್ತದೆ. ಆ ಬ್ರೆಡ್ಡನ್ನು 16 ಸಮ ತುಂಡು ಮಾಡಿದರೆ ಒಂದೊಂದರಲ್ಲೂ ಸುಮಾರು 29 ಗ್ರಾಂ. ಹೆಚ್ಚುಕಡಿಮೆ 100 ಗ್ರಾಂ ಅನ್ನಕ್ಕೆ ಅದು ಸಮ. ನಿಮ್ಮೂರ ಗದ್ದೆಯ ಗಂಧಕಸಾಲೆ ಅನ್ನವಾದರೂ ಲೆಕ್ಕ ಇದೇ. ಅರ್ಧ ಭಾಗ ಗೋಧಿ ಹಿಟ್ಟು ಬಳಸಿದರೆ ನಾರಿನಂಶ ಹೆಚ್ಚುತ್ತದೆ, ಪಿಷ್ಟ ಮಾತ್ರ ಅಷ್ಟೇನೂ ಇಳಿಯುವುದಿಲ್ಲ.

ಹಾಗೆಂದು ಅತ್ತೆಯವರ ಮುಂದೆ ನೀವೆಲ್ಲ ತಿಂದು ಅವರಿಗೆ ಮಾತ್ರ ತಟ್ಟೆ ಖಾಲಿ ಇಡಬೇಕಿಲ್ಲ. ಬ್ರೆಡ್ ಮಾಡಿದ ದಿನ ಒಂದು ತುಂಡು ಕೊಡಿ, ಆದರೆ ಊಟದ ಮೇಲೆ ಹೆಚ್ಚುವರಿಯಾಗಿ ಬೇಡ, ಅಷ್ಟು ಅನ್ನದ ಬದಲಿಗೆ ಕೊಡಿ. ಜೊತೆಗೆ ಪಲ್ಯ ಮತ್ತು ಮೊಟ್ಟೆ ಅಥವಾ ಕಾಳಿನ ಸಾರು ಇರಲಿ. ಚಹಾಕ್ಕೆ ಸಕ್ಕರೆ ಬೇಡ. ತಿನ್ನಲು ತೊಡಗಿದ ಎರಡು ಗಂಟೆಗೆ ಗ್ಲುಕೋಮೀಟರಿನಲ್ಲಿ ನೋಡಿ. ಸಾಮಾನ್ಯವಾಗಿ ಅದು 180ಕ್ಕಿಂತ ಕೆಳಗಿರಬೇಕು. ಮೀರಿದರೆ ಮುಂದಿನ ಸಲ ಅರ್ಧ ತುಂಡು ಕೊಡಿ. ಬ್ರೆಡ್ ತಿಂದೆವೆಂದು ಮಾತ್ರೆಯನ್ನು ತಾವೇ ಹೆಚ್ಚಿಸುವುದು, ಮರುಹೊತ್ತು ಉಪವಾಸ ಬೀಳುವುದು, ಎರಡೂ ಅಪಾಯ.

ಚಕ್ಕೆಯ ಕುರಿತು ನಡೆದ ಅಧ್ಯಯನಗಳು ಒಂದೇ ಉತ್ತರ ಕೊಟ್ಟಿಲ್ಲ. ಅದು ರುಚಿಗೆ ಇರಲಿ, ಮಾತ್ರೆಯ ಬದಲಿಗೆ ಬೇಡ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಗಟ್ಟಿ ಚಕ್ಕೆ ಹೆಚ್ಚಾಗಿ ಕ್ಯಾಸಿಯಾ ಜಾತಿಯದು. ಅದರಲ್ಲಿರುವ ಕೌಮರಿನ್ ಎಂಬ ಅಂಶ, ದಿನವೂ ಚಮಚಗಟ್ಟಲೆ ಪುಡಿ ನುಂಗುವವರ ಪಿತ್ತಜನಕಾಂಗಕ್ಕೆ ಹಾನಿ ಮಾಡಬಹುದು. ಇಡೀ ಬ್ರೆಡ್ಡಿಗೆ ಒಂದು ಟೀ ಚಮಚ ಹಾಕಿದರೆ ಚಿಂತೆಯಿಲ್ಲ. ಜಾಯಿಕಾಯಿ ಹಾಕುವುದಾದರೆ ಚಿಟಿಕೆ ಮಾತ್ರ.

ಮಗುವಿಗೆ ಈ ಬ್ರೆಡ್ ಈಗ ಬೇಡ. ಎರಡು ವರ್ಷದವರೆಗೆ ಬೆಲ್ಲ, ಸಕ್ಕರೆ ಸೇರಿಸಿದ ತಿನಿಸು ಕೊಡದಿರುವುದೇ ಒಳ್ಳೆಯದು. ಬೆಲ್ಲದ ಬದಲು ಜೇನು ಹಾಕುವ ಯೋಚನೆಯಿದ್ದರೆ, ವರ್ಷ ತುಂಬದ ಮಗುವಿಗೆ ಅದು ಇನ್ನೂ ಅಪಾಯ. ಜೇನಿನಲ್ಲಿರಬಹುದಾದ ಬಾಟ್ಯುಲಿಸಂ ರೋಗಾಣುವಿನ ಬೀಜಕಗಳು ಬ್ರೆಡ್ ಬೇಯುವ ಬಿಸಿಗೆ ಸಾಯುವುದಿಲ್ಲ.

ಕೊನೆಗೆ ಒಂದು ಮಾತು. ಮನೆಯಲ್ಲಿ ಯಾರಿಗಾದರೂ ಗೋಧಿ, ಮೈದಾ ತಿಂದಾಗಲೆಲ್ಲ ಹೊಟ್ಟೆಯುಬ್ಬರ, ಭೇದಿ ಆಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಯೀಸ್ಟನ್ನು ದೂರಬೇಡಿ. ಅದು ಸೀಲಿಯಾಕ್ ಕಾಯಿಲೆ ಇರಬಹುದು, ರಕ್ತಪರೀಕ್ಷೆಯಿಂದ ಸುಳಿವು ಸಿಗುತ್ತದೆ. ಪರೀಕ್ಷೆಗೆ ಮುಂಚೆಯೇ ಗೋಧಿ ಬಿಟ್ಟರೆ ಫಲಿತಾಂಶ ದಾರಿ ತಪ್ಪಿಸುತ್ತದೆ, ಹಾಗಾಗಿ ಮೊದಲು ವೈದ್ಯರನ್ನು ಕಾಣಿ. ಕಾಯಿಲೆ ಖಚಿತವಾದವರಿಗೆ, ನಿಮ್ಮ ಸುತ್ತಲಿನ ಮನೆಗಳಲ್ಲಿ ಅಕ್ಕಿ, ತೆಂಗಿನಕಾಯಿ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸುವ ವಟ್ಟಯಪ್ಪಂ ಇದೆಯಲ್ಲ. ಅದೂ ಯೀಸ್ಟಿನಿಂದಲೇ ಉಬ್ಬುವ ಸಿಹಿ, ಗೋಧಿಯ ಸೋಂಕಿಲ್ಲ. ಅತ್ತೆಯವರಿಗೆ ಮಾತ್ರ ಅಲ್ಲೂ ಒಂದೇ ತುಂಡು.