ಏಳಕ್ಕಿಂತ ಮೊದಲು ನೂರಿಪ್ಪತ್ತು!

ಶಕ್ತಿನಗರದ ನಿಮ್ಮ ಮನೆಯ ತಾರಸಿಯಲ್ಲಿ ಮಳೆಮಾಪಕ ಇಟ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನವೂ ಮಿಲಿಮೀಟರ್ ಲೆಕ್ಕ ಬರೆದಿದ್ದೀರಿ ಎಂದುಕೊಳ್ಳಿ. ಊರಲ್ಲಿಲ್ಲದ ದಿನ ಅಂಕಿಯ ಜಾಗದಲ್ಲಿ ‘ಇಲ್ಲ’ ಎಂದು ಬರೆದಿರಿ. ಅಷ್ಟು ಸಾಕು, ಅಂಕಿಅಂಶ ಲೆಕ್ಕಾಚಾರದ ಆರ್ (R) ತಂತ್ರಾಂಶ ಇಡೀ ಕಾಲಂ ಅನ್ನೇ ಪಠ್ಯವೆಂದು ಓದುತ್ತದೆ. 2020ರಲ್ಲಿ ಬಂದ 4.0.0ಕ್ಕಿಂತ ಹಳೆಯ ಆವೃತ್ತಿಯಾದರೆ ತಾನಾಗಿಯೇ ‘ಫ್ಯಾಕ್ಟರ್’ ಮಾಡಿಬಿಡುತ್ತದೆ.

ಫ್ಯಾಕ್ಟರ್ ಎಂದರೆ ಒಳಗೆ ಕ್ರಮಸಂಖ್ಯೆ, ಹೊರಗೆ ಹೆಸರಿನ ಚೀಟಿ. ಪಠ್ಯದ ಚೀಟಿಗಳು ನಿಲ್ಲುವುದು ನಿಘಂಟಿನ ಸಾಲಿನಲ್ಲಿ: ಮೂರು ದಿನಗಳ ಮಳೆಯಾದರೆ ‘120’, ‘7’, ‘95’. ಈಗ ನೇರವಾಗಿ, ಸಂಖ್ಯೆಯಾಗಿಸುವ ಆ್ಯಸ್.ನ್ಯೂಮರಿಕ್ ಹಾಕಿದರೆ ಕೈಗೆ ಬರುವುದು 1, 2, 3. ಆ ಮೂರು ದಿನಗಳ ಸರಾಸರಿ 74ರ ಬದಲು 2! ಎಚ್ಚರಿಕೆಯ ಒಂದು ಸೊಲ್ಲೂ ಇರುವುದಿಲ್ಲ.

ಮದ್ದು ಸುಲಭ. ಮೊದಲು ಪಠ್ಯವಾಗಿಸುವ ಆ್ಯಸ್.ಕ್ಯಾರೆಕ್ಟರ್, ಆಮೇಲೆ ಆ್ಯಸ್.ನ್ಯೂಮರಿಕ್. ಆಗ ‘ಇಲ್ಲ’ ಎಂಬುದು ಎನ್‌ಎ (ಮಾಹಿತಿ ಇಲ್ಲ ಎಂಬ ಗುರುತು) ಆಗುತ್ತದೆ. ಟಿಆ್ಯಪ್ಲೈ ಬಳಸಿ ತಿಂಗಳವಾರು ಸರಾಸರಿ ತೆಗೆಯುವಾಗ ಎನ್‌ಎ.ಆರ್‌ಎಂ ಅನ್ನು ಟ್ರೂ ಮಾಡಿ, ಎನ್‌ಎ ದಿನಗಳು ಲೆಕ್ಕದಿಂದ ಹೊರಗುಳಿಯುತ್ತವೆ. ತಿಂಗಳಿನ ಕಾಲಂ ಮಾತ್ರ ಫ್ಯಾಕ್ಟರ್ ಆಗಿಯೇ ಇರಲಿ; ಗುಂಪು ಕಟ್ಟುವುದೇ ಅದರ ಕೆಲಸ.

ಅಭಿಪ್ರಾಯ ಸಮೀಕ್ಷೆಯಲ್ಲಿ ಇನ್ನೂ ಹುಷಾರು. ‘ಚೆನ್ನಾಗಿದೆ, ಪರವಾಗಿಲ್ಲ, ಸಾಲದು’ ಎಂಬ ಉತ್ತರಗಳು ಅಕಾರಾದಿಯಲ್ಲಿ 1, 2, 3 ಆಗುತ್ತವೆ. ಸರಾಸರಿ ಏರಿದಷ್ಟೂ ಜನರ ಬೇಸರ ಹೆಚ್ಚು ಎಂದರ್ಥ! ಲೆವೆಲ್ಸ್‌ನ, ಅಂದರೆ ಆ ಚೀಟಿಗಳ, ಕ್ರಮವನ್ನು ನೀವೇ ಬರೆದುಕೊಡಿ. ಇಂಥಲ್ಲಿ ಸರಾಸರಿಗಿಂತ ಶೇಕಡಾವಾರು ಲೆಕ್ಕವೇ ಎಷ್ಟೋ ಸಲ ಮೇಲು.

ಕೊನೆಗೊಂದು ಮಾತು: ಯಾವುದಾದರೂ ಒಂದು ಗುಂಪಿನ ಸರಾಸರಿಯನ್ನು ಕಾಗದದ ಮೇಲೆ ಕೂಡಿ, ಭಾಗಿಸಿ ನೋಡಿ. ತಾಳೆಯಾದರೆ ಮುಂದುವರಿಯಿರಿ.