ಸಾಲಾಧಿಕಾರಿಯ ಸಂಬಳ: ಬೆಂಗಳೂರು ಮತ್ತು ಆಳಂದದ ಲೆಕ್ಕ

ಆಳಂದ, ಅಫಜಲಪುರ, ಜೇವರ್ಗಿಗಳಂತಹ ತಾಲೂಕು ಕೇಂದ್ರಗಳಲ್ಲಿ ಸಾಲ ವಿಭಾಗದ ಅಧಿಕಾರಿಗೆ ವರ್ತಕರ ವ್ಯವಹಾರ ಪರಿಚಯವಾಗುವಷ್ಟರಲ್ಲಿ ವರ್ಗಾವಣೆಯ ಆದೇಶ ಬಂದಿರುತ್ತದೆ. ಇದಕ್ಕೆ ಬ್ಯಾಂಕಿನ ನಿಯಮವಷ್ಟೇ ಕಾರಣವಲ್ಲ. ಅಧಿಕಾರಿಯ ಮನೆಯ ಜಮಾಖರ್ಚೂ ಕಾರಣ.

ಮೂಲವೇತನ ಒಂದೇ

2024ರ ಮಾರ್ಚ್ 8ರಂದು ಸಹಿಯಾಗಿ, 2022ರ ನವೆಂಬರ್ 1ರಿಂದ ಜಾರಿಗೊಂಡ ಒಪ್ಪಂದದಂತೆ ಸರಕಾರಿ ವಲಯದ ಬ್ಯಾಂಕುಗಳಲ್ಲಿ ಮೊದಲ ಶ್ರೇಣಿಯ ಅಧಿಕಾರಿಯ ಆರಂಭಿಕ ಮೂಲವೇತನ 48,480 ರೂಪಾಯಿ. ಬೆಂಗಳೂರಾಗಲಿ ಆಳಂದವಾಗಲಿ, ಈ ಮೊತ್ತ ಬದಲಾಗದು. ತುಟ್ಟಿಭತ್ಯೆಯ ದರವೂ ಒಂದೇ. ಊರಿಗೆ ತಕ್ಕಂತೆ ಬದಲಾಗುವುದು ಮುಖ್ಯವಾಗಿ ಸ್ಥಳಭತ್ಯೆ ಹಾಗೂ ಮನೆ ಬಾಡಿಗೆಯ ಮಿತಿ. ಗ್ರಾಮೀಣ ಬ್ಯಾಂಕುಗಳ ನೌಕರರಿಗೂ ಪ್ರಾಯೋಜಕ ಬ್ಯಾಂಕಿನ ಸಮಾನ ವೇತನವನ್ನು 1990ರ ನ್ಯಾಯಮಂಡಳಿ ತೀರ್ಪು ನೀಡಿತು. ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ಅದನ್ನು ಎತ್ತಿಹಿಡಿಯಿತು.

ಖರ್ಚಿನ ಲೆಕ್ಕ

ಕೈಗೆ ಬರುವ ಸಂಬಳ ಎರಡೂ ಕಡೆ 70,000 ರೂಪಾಯಿ ಎಂದಿಟ್ಟುಕೊಳ್ಳೋಣ. ಮುಂದಿನ ಅಂಕಿಗಳು ಕೇವಲ ಉದಾಹರಣೆ. ಬ್ಯಾಂಕಿನ ಮನೆ ಸೌಲಭ್ಯವನ್ನು ಇಲ್ಲಿ ಹಿಡಿದಿಲ್ಲ.

1. ಬೆಂಗಳೂರಿನಲ್ಲಿ ಸಂಸಾರ: ಬಾಡಿಗೆ 22,000, ದಿನಸಿ 15,000, ಶಾಲೆ 8,000, ಓಡಾಟ 4,000. ಉಳಿಕೆ 21,000.
2. ಆಳಂದದಲ್ಲಿ ಸಂಸಾರ: ಬಾಡಿಗೆ 6,000, ದಿನಸಿ 12,000, ಶಾಲೆ 5,000, ಓಡಾಟ 1,000. ಉಳಿಕೆ 46,000.
3. ಸಂಸಾರ ಕಲಬುರಗಿಯಲ್ಲಿ, ಅಧಿಕಾರಿ ಆಳಂದದಲ್ಲಿ: ಎರಡು ಬಾಡಿಗೆ 14,000, ದಿನಸಿ 17,000, ಶಾಲೆ 7,000, ಓಡಾಟ 6,000. ಉಳಿಕೆ 26,000.

ಸಣ್ಣ ಊರಿನಿಂದ ದೊರೆಯುವ 25,000 ರೂಪಾಯಿಯ ಅನುಕೂಲದಲ್ಲಿ 20,000ವನ್ನು ಎರಡನೆಯ ಮನೆಯೇ ನುಂಗುತ್ತದೆ. ಮಕ್ಕಳ ಕಾಲೇಜು, ವಯಸ್ಸಾದ ತಂದೆತಾಯಿಗಳ ಆಸ್ಪತ್ರೆ ಕಲಬುರಗಿಯಲ್ಲಿರುವಾಗ ಬಹುಪಾಲು ಕುಟುಂಬಗಳಿಗೆ ಎರಡನೆಯ ದಾರಿ ತೆರೆದಿರುವುದಿಲ್ಲ. ಆದ್ದರಿಂದ ಬಡ್ತಿಗೆ ಬೇಕಾದ ಗ್ರಾಮೀಣ ಅಥವಾ ಅರೆಪಟ್ಟಣ ಸೇವೆ ಮುಗಿದೊಡನೆ ಅಧಿಕಾರಿ ಹೊರಡಲು ಬಯಸುವುದು ಸಹಜ. ಕಲಬುರಗಿಯಲ್ಲಿ ಕೇಂದ್ರ ಕಚೇರಿಯಿದ್ದ ಕೃಷ್ಣಾ ಗ್ರಾಮೀಣ ಬ್ಯಾಂಕ್ 2013ರಲ್ಲಿ ವಿಲೀನಗೊಂಡಿತು. 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್ ಇರುವುದರಿಂದ ವರ್ಗಾವಣೆಯ ವ್ಯಾಪ್ತಿಯೂ ಹಿಗ್ಗಿದೆ.

ವರ್ತಕರಿಗೆ ಪಾಠ

ತೊಗರಿ ಮಾರುಕಟ್ಟೆಗೆ ಬರುವ ಡಿಸೆಂಬರ್–ಜನವರಿಯಲ್ಲಿ ದಾಲ್ ಮಿಲ್‌ಗೂ ಅಡತಿ ಅಂಗಡಿಗೂ ದುಡಿಯುವ ಬಂಡವಾಳ ತುರ್ತು. ಆಗಲೇ ಅಧಿಕಾರಿ ಬದಲಾದರೆ ಹೊಸಬರ ಮುಂದಿರುವುದು ಕಡತ ಮಾತ್ರ. ಹಳೆಯ ಅಧಿಕಾರಿಯ ಮೌಖಿಕ ಭರವಸೆ ಅದರಲ್ಲಿ ಇರುವುದಿಲ್ಲ. ಆದಕಾರಣ ಪ್ರತಿ ತಿಂಗಳ ದಾಸ್ತಾನು ಪಟ್ಟಿ, ಜಿಎಸ್‌ಟಿ ವಿವರಣೆ, ಉದ್ಯಮ್ ನೋಂದಣಿ, ವಿಮಾ ಪತ್ರಗಳನ್ನು ಕಾಲಕಾಲಕ್ಕೆ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಸಾಲದ ಮಿತಿಯ ನವೀಕರಣಕ್ಕೆ ಸುಗ್ಗಿಗೆ ಎರಡು ತಿಂಗಳು ಮೊದಲೇ ಅರ್ಜಿ ಕೊಡಬೇಕು. ವ್ಯಕ್ತಿಯ ಪರಿಚಯವನ್ನು ನಂಬಿದವನು ಪ್ರತಿ ವರ್ಗಾವಣೆಗೂ ಹೊಸದಾಗಿ ಆರಂಭಿಸಬೇಕಾಗುತ್ತದೆ. ಕಡತವನ್ನು ನಂಬಿದವನಿಗೆ ಆ ತೊಂದರೆ ಕಡಿಮೆ.