ವೈರಲ್ ಲೋಡ್ ವರದಿಯನ್ನು ಓದುವ ಬಗೆ

ಹೆಪಟೈಟಿಸ್ ‘ಬಿ’ ಇರುವ ನಮ್ಮ ಸದಸ್ಯರೊಬ್ಬರು ಮೊನ್ನೆ ವಾಚನಾಲಯದ ಮೇಜಿನ ಮೇಲೆ ಎರಡು ವರದಿಗಳನ್ನು ಹರಡಿ, “ಆರು ತಿಂಗಳ ಹಿಂದೆ 1,100 ಇದ್ದದ್ದು ಈಗ 1,900 ಆಗಿದೆ. ಕೆಲಸ ಬಿಟ್ಟು ಊರಿಗೆ ಹೋಗಿಬಿಡಲೇ?” ಎಂದು ಕೇಳಿದರು. ಅವರಂಥ ಇತರರಿಗೂ ಉಪಯೋಗವಾದೀತೆಂದು ಈ ನಾಲ್ಕು ಮಾತು.

ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್ಸಿನ ಡಿಎನ್‌ಎ ಎಷ್ಟಿದೆ ಎಂಬುದನ್ನು ಆ ಅಂಕಿ ತಿಳಿಸುತ್ತದೆ. ಲಿವರ್ ಎಷ್ಟು ಕೆಟ್ಟಿದೆ ಎಂಬುದನ್ನಲ್ಲ. ಅಂಕಿ ಕೋಟಿ ದಾಟಿದರೂ ಲಿವರ್ ನೆಟ್ಟಗಿರುವವರುಂಟು. ಆದಕಾರಣ ವೈದ್ಯರು ಎಎಲ್‌ಟಿ ಪರೀಕ್ಷೆಯನ್ನೂ ಜೊತೆಗಿಟ್ಟು ನೋಡುತ್ತಾರೆ. ಲಿವರಿನ ಜೀವಕೋಶಗಳಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ವಸ್ತು ಅದು.

ಇನ್ನು ಅಳತೆಯ ಮಾತು. ಕೆಲವು ವರದಿಗಳಲ್ಲಿ ‘ಐಯು’ ಎಂದೂ ಕೆಲವದರಲ್ಲಿ ‘ಕಾಪೀಸ್’ ಎಂದೂ ಇರುತ್ತದೆ. ಒಂದು ಐಯು ಸುಮಾರು 5 ಕಾಪಿಗೆ ಸಮ. ಇದನ್ನು ಗಮನಿಸದೆ ಎರಡು ವರದಿಗಳನ್ನು ಹೋಲಿಸುವುದು ಸೇರನ್ನೂ ಕಿಲೋವನ್ನೂ ಒಂದೇ ಕಲಮಿನಲ್ಲಿ ಕೂಡಿಸಿದಂತೆ. ಗುಮಾಸ್ತರಿಗೆ ಹೆಚ್ಚು ಹೇಳಬೇಕಿಲ್ಲ.

ಇಲ್ಲಿ ಮುಖ್ಯವಾದದ್ದು ಸೊನ್ನೆಗಳು. ಒಂದೇ ರಕ್ತವನ್ನು ಎರಡು ಸಲ ಪರೀಕ್ಷಿಸಿದರೂ ಅಂಕಿ ತುಸು ಬದಲಾಗುತ್ತದೆ. ಮೂರುಪಟ್ಟಿಗಿಂತ ಕಡಿಮೆಯ ಏರಿಳಿತಕ್ಕೆ ಸಾಮಾನ್ಯವಾಗಿ ಬೆಲೆ ಕೊಡುವುದಿಲ್ಲ. 1,100 ಎಂಬುದು 1,10,000 ಆದರೆ ಆಗ ಯೋಚಿಸಬೇಕು. ಪಕ್ಕದಲ್ಲಿ ‘ಲಾಗ್’ ಎಂದು ಬರೆದಿರುವುದೂ ಇದನ್ನೇ: 3 ಎಂದರೆ ಸಾವಿರ, 5 ಎಂದರೆ ಲಕ್ಷ. 2024ರ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ 2,000 ಐಯು ದಾಟಿ, ಎಎಲ್‌ಟಿಯೂ ಹೆಚ್ಚಿದ್ದರೆ ಚಿಕಿತ್ಸೆ ಆರಂಭಿಸಬೇಕು. ಲಿವರ್ ಗಟ್ಟಿಗೊಂಡು ಸಿರೋಸಿಸ್ ಆದವರಿಗೆ ಅಂಕಿ ಎಷ್ಟಿದ್ದರೂ ಔಷಧ ಬೇಕು.

ಮಾತ್ರೆ ತೆಗೆದುಕೊಳ್ಳುವವರು ಮೋಸಹೋಗುವುದು ‘ನಾಟ್ ಡಿಟೆಕ್ಟೆಡ್’ ಎಂಬ ಮಾತಿನಿಂದ. ರೋಗ ಹೋಯಿತೆಂದು ಅದರ ಅರ್ಥವಲ್ಲ. ಯಂತ್ರದ ಕಣ್ಣಿಗೆ ಬೀಳುವಷ್ಟು ವೈರಸ್ ರಕ್ತದಲ್ಲಿಲ್ಲ, ಅಷ್ಟೆ. ಬೀಜ ಲಿವರಿನೊಳಗೆ ಅಡಗಿಯೇ ಇರುತ್ತದೆ. ಟೆನೊಫೊವಿರ್ ಅಥವಾ ಎಂಟೆಕಾವಿರ್ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ಅದು ಮತ್ತೆ ಎದ್ದು, ಪ್ರಾಣಕ್ಕೇ ಸಂಚಕಾರ ತರಬಹುದು. ಜಾತ್ರೆಗೆಂದು ಊರಿಗೆ ಹೊರಡುವವರು ಬಟ್ಟೆಗಿಂತ ಮೊದಲು ಮಾತ್ರೆಯ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳಲಿ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ನಿಗದಿಯಾದ ಸರಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ.

ಆ ಸದಸ್ಯರ ಖೋಲಿಯಲ್ಲಿ ಜೊತೆಗಾರರು ಅವರ ತಟ್ಟೆ ಲೋಟಗಳನ್ನು ಬೇರೆ ಇಟ್ಟಿದ್ದಾರಂತೆ. ಒಟ್ಟಿಗೆ ಉಂಡರೆ ಈ ರೋಗ ಹರಡುವುದಿಲ್ಲ. ಬೇರೆಯಿರಬೇಕಾದದ್ದು ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಷ್ಷು. ಜೊತೆಗಾರರು ಪರೀಕ್ಷೆ ಮಾಡಿಸಿ, ರೋಗವಿಲ್ಲದಿದ್ದರೆ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು.

ಅವರ ಎರಡನೆಯ ವರದಿಯ ಜೊತೆ ಎಎಲ್‌ಟಿಯ ಚೀಟಿ ಇರಲಿಲ್ಲ. ಅದನ್ನು ಮಾಡಿಸಿ ವೈದ್ಯರಿಗೆ ತೋರಿಸಿ, ಊರಿನ ಮಾತು ಆಮೇಲೆ ಎಂದು ಹೇಳಿ ಕಳಿಸಿದೆವು.